ತಡವಾಗಿ ಬಂದ ದಿನಗಳ ತೂಕ

ಬಹಳ ಹಿಂದಿನ ಮಾತು. ಊಟದ ಹೊತ್ತು ಮೀರಿದ್ದರೂ ಯಾರೂ ಎದ್ದುಹೋಗಲು ಮನಸ್ಸು ಮಾಡದ ಒಂದು ಮಧ್ಯಾಹ್ನ, ನನ್ನ ಒಡಲಿನ ನಟ್ಟನಡುವೆ ಸಾಸಿವೆ ಕಾಳಿನಷ್ಟು ಬೆಳಕೊಂದು ಮೂಡಿ, ಮೂಡಿದೆಡೆಯಲ್ಲೇ ನಿಂತಿತು. ಅದಕ್ಕೆ ಮೇಲಿನಿಂದ ಇಳಿಬಿಟ್ಟ ದಾರವಿರಲಿಲ್ಲ; ಕೆಳಗಿನಿಂದ ಆನಿಸಿದ ಕಡ್ಡಿಯಿರಲಿಲ್ಲ. ಏನೂ ಇಲ್ಲದ ಬಯಲಿನಲ್ಲಿ ಅದು ತನ್ನಷ್ಟಕ್ಕೆ ತಾನು ತೇಲುತ್ತಿತ್ತು. ಎರಡು ಮಳೆಗಾಲಗಳ ಉದ್ದಕ್ಕೂ ಆ ಕೋಣೆಯ ಮನುಷ್ಯರು ಕಾದದ್ದು, ಕೂಗಾಡಿದ್ದು, ಒಬ್ಬರೊಡನೊಬ್ಬರು ಮಾತು ಬಿಟ್ಟು ಮತ್ತೆ ಮಾತಾಡಿದ್ದು, ಎಲ್ಲವೂ ಆ ಸಾಸಿವೆ ಕಾಳಿಗಾಗಿ. ಕ್ಯಾಮೆರಾದ ಪರದೆಯ ಮೇಲೆ ಅದನ್ನು ಕಂಡ ಪ್ರೊಫೆಸರ್ ಪದ್ಮರಾಜಯ್ಯನವರು ಕನ್ನಡಕ ತೆಗೆದು, ಕರವಸ್ತ್ರದಲ್ಲಿ ಒರೆಸಿ, ಮತ್ತೆ ಏರಿಸಿಕೊಂಡು ನೋಡಿದರು. ಬೆಳಕು ಅಲ್ಲಿಯೇ ಇತ್ತು.

"ಸಿಕ್ಕಿತು," ಎಂದರು.

ಅಷ್ಟೇ ಮಾತು. ಆಮೇಲೆ ಎದ್ದ ಗದ್ದಲಕ್ಕೆ ಮೇಜು ಅಲುಗಿ ಬೆಳಕು ಒಮ್ಮೆ ನಡುಗಿತು. "ಮೆಲ್ಲಗೆ ಕಣ್ರೋ! ಹೆದರಿ ಓಡಿಹೋದಾವು!" ಎಂದು ಅವರೇ ಗದರಿದರು. ಹೊರಗಿನ ದೇಶಗಳಲ್ಲಿ ಅದಾಗಲೇ ಹಲವರು ಇಂಥದ್ದನ್ನು ಮಾಡಿ ಮುಗಿಸಿದ್ದರೆಂದು ನಾನು ಬಳಿಕ ಕೇಳಿದೆ. ಅದರಿಂದ ನನ್ನ ಹೆಮ್ಮೆಗೆ ಕುಂದು ಬರಲಿಲ್ಲ. ನೆರೆಮನೆಯಲ್ಲಿ ತೊಟ್ಟಿಲು ತೂಗಿದ ಮಾತ್ರಕ್ಕೆ ನಮ್ಮ ಮನೆಯ ಮಗುವಿನ ಅಳು ಹಳೆಯದಾಗುತ್ತದೆಯೇ?

ನಾನು ಒಂದು ಗಾಜಿನ ಕೊಳವೆ. ಎತ್ತರ ಒಂದು ಮೊಳ. ನೆತ್ತಿಯ ಬಳಿ ಸುತ್ತಲೂ ಚಪ್ಪಟೆಯಾದ ಕಿಟಕಿಗಳು. ಪಾದದಲ್ಲಿ ಉಕ್ಕಿನ ಬಳೆ. ಬೆಂಗಳೂರಿನ ಒಂದು ವಿಜ್ಞಾನ ಸಂಸ್ಥೆಯ ಗಾಜಿನ ಕಮ್ಮಟದಲ್ಲಿ ಚೌರಪ್ಪ ಎಂಬವರ ಕೈಯಲ್ಲಿ ನಾನು ಹುಟ್ಟಿದೆ. ಉರಿಯ ಮುಂದೆ ನನ್ನನ್ನು ತಿರುಗಿಸುತ್ತ, ರಬ್ಬರ್ ನಳಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವರು ಮೆಲ್ಲನೆ ಊದಿದರು. ನನ್ನೊಳಗೆ ಮೊದಲು ಹೊಕ್ಕದ್ದು ಅವರ ಉಸಿರು. ಆ ಉಸಿರಿನ ಕಡೆಯ ಕಣವನ್ನೂ ಹೊರಗೆ ಹಾಕುವುದೇ ಮುಂದೆ ನನ್ನ ಬಾಳಿನ ಕಸುಬಾಗಬಹುದೆಂದು ಆಗ ನನಗೇನು ಗೊತ್ತು?

ಪದ್ಮರಾಜಯ್ಯನವರು ಕಮ್ಮಟಕ್ಕೆ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಎತ್ತರದ ಆಳು, ಇಸ್ತ್ರಿಯ ಗೆರೆ ಮುರಿಯದ ಷರಟು, ಮಾತಿನಲ್ಲೂ ಅದೇ ಗೆರೆ. ಕಿಟಕಿಗಳು ನಿಂತ ನೀರಿನಷ್ಟು ಸಮನಾಗಿರಬೇಕು, ಬೆಸುಗೆಯಲ್ಲಿ ಕೂದಲೆಳೆಯ ಸಂದೂ ಇರಕೂಡದು ಎಂದು ಅವರು ಹೇಳಿದ್ದನ್ನೇ ಹೇಳುತ್ತಿದ್ದರು.

"ಅಲ್ಲಾ ಸಾರ್," ಎಂದರು ಚೌರಪ್ಪ, ಉರಿ ತಗ್ಗಿಸಿ. "ಗಾಳಿ ಇರಬಾರ್ದು ಅಂತೀರಿ, ಧೂಳು ಇರಬಾರ್ದು ಅಂತೀರಿ. ಹಂಗಾರೆ ಇದರೊಳಗೆ ಇಡೋದಾದ್ರೂ ಏನು?"

"ಏನೂ ಇಲ್ಲ ಚೌರಪ್ಪ. ಏನೂ ಇಲ್ಲದ್ದನ್ನೇ ಇಡೋದು."

"ಅದಕ್ಕೆ ಇಷ್ಟು ಒದ್ದಾಟವಾ? ತಿಂಗಳ ಕಡೇಲಿ ನಮ್ಮನೆ ಡಬ್ಬಿಗಳು ಎಲ್ಲಾ ಅಂಥವೇ ಸಾರ್. ಹೇಳಿದ್ರೆ ನಾಳೇನೇ ತಂದ್ಕೊಡ್ತೀನಿ."

ಪ್ರೊಫೆಸರರು ನಗಲಿಲ್ಲ, ಆದರೆ ನಗದಿರಲು ಅವರು ಪಟ್ಟ ಕಷ್ಟ ನನಗೆ ಕಾಣಿಸಿತು. ನನಗಿಂತ ಮೊದಲು ಹುಟ್ಟಿದ ಇಬ್ಬರು ಅಣ್ಣಂದಿರು ತಣಿಯುವಾಗಲೇ ಸೀಳಿಹೋಗಿದ್ದರು. ನನ್ನನ್ನು ಚೌರಪ್ಪ ಕುಲುಮೆಯಲ್ಲಿಟ್ಟು, ಅವಸರವಿಲ್ಲದೆ, ಮುನಿದ ಅಳಿಯನನ್ನು ಒಲಿಸುವಂತೆ ತಣಿಸಿದರು. ನಾನು ಉಳಿದೆ.

ಅಲ್ಲಿಂದ ನನ್ನನ್ನು ತಂದಿಟ್ಟದ್ದು ಸಂಸ್ಥೆಯ ಹಳೆಯ ಕಟ್ಟಡದ ಕೆಳ ಅಂತಸ್ತಿನ ಒಂದು ಕೋಣೆಗೆ. ಒಂದು ಕಾಲಕ್ಕೆ ಅದು ಉಗ್ರಾಣವಾಗಿತ್ತು. ಬೇಸಗೆಯಲ್ಲೂ ಅದರ ನೆಲ ತಣ್ಣಗಿರುತ್ತದೆ, ದಿನವಿಡೀ ಒಂದೇ ಹದದಲ್ಲಿರುತ್ತದೆ ಎಂಬ ಕಾರಣಕ್ಕೆ ಪದ್ಮರಾಜಯ್ಯನವರು ಅದನ್ನು ಹಟ ಹಿಡಿದು ಪಡೆದಿದ್ದರು. "ಇಂಥ ನೆಲ ಇಡೀ ಆವರಣದಲ್ಲಿ ಇನ್ನೊಂದಿಲ್ಲ," ಎಂದು ಬಂದವರಿಗೆಲ್ಲ ಕಾಲಿನ ಚಪ್ಪಲಿ ಬಿಡಿಸಿ ನಿಲ್ಲಿಸಿ ತೋರಿಸುತ್ತಿದ್ದರು.

ಆ ಕೋಣೆಯಲ್ಲಿ ನನಗೆ ಪಂಪುಗಳನ್ನು ಹೂಡಿದರು. ಮೈಗೆ ಬಿಸಿಪಟ್ಟಿ ಸುತ್ತಿ, ಅದರ ಮೇಲೆ ಬೆಳ್ಳಿಹಾಳೆ ಹೊದಿಸಿ, ಬಾಣಂತಿಯನ್ನು ಕಾಯಿಸುವಂತೆ ವಾರಗಟ್ಟಲೆ ಕಾಯಿಸಿದರು. ಗೋಡೆಗೆ ಅಂಟಿದ್ದ ತೇವ, ಗಾಳಿ, ಚೌರಪ್ಪನವರ ಉಸಿರಿನ ಪಸೆ, ಎಲ್ಲವೂ ನನ್ನನ್ನು ಬಿಟ್ಟುಹೋದವು. ತಾರೆಗಳ ನಡುವಣ ಬಯಲಿನ ಒಂದು ತುಣುಕನ್ನು ಮೇಜಿನ ಮೇಲೆ ತಂದಿಟ್ಟಂತೆ ನಾನು ನಿಂತೆ. ಆಮೇಲೆ ರುಬಿಡಿಯಂ ಎಂಬ ಲೋಹದ ಆವಿಯನ್ನು ಚಿಟಿಕೆಯಷ್ಟು ಬಿಟ್ಟರು.

ಆ ಪರಮಾಣುಗಳೋ, ಕಟ್ಟು ಬಿಚ್ಚಿದ ಕರುಗಳು. ಬಂದೂಕಿನ ಗುಂಡಿನ ವೇಗದಲ್ಲಿ ಓಡಿ ಗೋಡೆಗೆ ಢಿಕ್ಕಿ ಹೊಡೆದು ತಿರುಗಿ ಓಡುತ್ತಿದ್ದವು. ಓಟವೇ ಬಿಸಿ, ನಿಲುವೇ ತಂಪು ಎಂಬುದನ್ನು ನಾನು ಕಲಿತದ್ದು ಅಲ್ಲಿಯೇ. ಅವುಗಳನ್ನು ನಿಲ್ಲಿಸಲು ಮನುಷ್ಯರು ಬಳಸಿದ್ದು ಐಸ್ ಅಲ್ಲ, ಬೆಳಕು. ಮೇಲೆ, ಕೆಳಗೆ, ನಾಲ್ಕು ಮಗ್ಗುಲು, ಹೀಗೆ ಆರು ಕಡೆಯಿಂದ ಲೇಸರ್ ಕಿರಣಗಳನ್ನು ನನ್ನ ಕಿಟಕಿಗಳ ಮೂಲಕ ಒಂದೇ ಬಿಂದುವಿಗೆ ಹಾಯಿಸಿದರು. ಎದುರುಗಾಳಿಯಲ್ಲಿ ಸೈಕಲ್ ತುಳಿಯುವವನಂತೆ ಪರಮಾಣು ಯಾವ ಕಡೆಗೆ ಓಡಿದರೂ ಅದಕ್ಕೆ ಬೆಳಕು ಎದುರಾಗಿ, ಓಟ ನಿಧಾನವಾಗಿ, ಇರುವೆಯ ನಡಿಗೆಗೆ ಇಳಿಯುತ್ತಿತ್ತು. ಲೋಕದಲ್ಲಿ ಬೆಳಕು ಬಿದ್ದದ್ದು ಬಿಸಿಯಾದರೆ ನನ್ನೊಳಗೆ ಬೆಳಕು ಬಿದ್ದದ್ದು ತಣ್ಣಗಾಗುತ್ತಿತ್ತು. ನಡುವಿನ ಆ ಸಾಸಿವೆ ಕಾಳಿನ ಚಳಿಗೆ ಹೋಲಿಸಿದರೆ ನಕ್ಷತ್ರಗಳ ನಡುವಣ ಕತ್ತಲೆಯೂ ಬೆಚ್ಚಗೆ. ಅದರಿಂದ ಎರಡೇ ಬೆರಳಿನಾಚೆಗೆ ನಾನು, ಗಾಜು, ಬೆಂಗಳೂರಿನ ಹವೆಯಲ್ಲಿ ಹಾಯಾಗಿದ್ದೆ. ಇದರ ಬೆರಗು ನನಗೆ ಇಂದಿಗೂ ಆರಿಲ್ಲ.

ಇಷ್ಟು ಕಷ್ಟಪಟ್ಟು ಹಿಡಿದದ್ದು ಇಟ್ಟುಕೊಳ್ಳಲಿಕ್ಕಲ್ಲ, ಬಿಡಲಿಕ್ಕೆ. ಬೆಳಕನ್ನು ಆರಿಸಿದರೆ ಹಿಡಿತ ತಪ್ಪಿ ಪರಮಾಣುಗಳು ನನ್ನ ಕೊಳವೆಯಲ್ಲಿ ಕೆಳಗೆ ಬೀಳುತ್ತಿದ್ದವು. ಬೀಳುವ ಹಾದಿಯಲ್ಲಿ ಮೂರು ಬಾರಿ ಬೆಳಕನ್ನು ಮಿಂಚಿಸಿ, ಭೂಮಿ ಅವುಗಳನ್ನು ಎಷ್ಟು ಬಲವಾಗಿ ಎಳೆಯುತ್ತಿದೆಯೆಂದು ಲೆಕ್ಕ ಹಾಕುತ್ತಿದ್ದರು. ಮಾವಿನಹಣ್ಣು ಬಿದ್ದರೂ ಭೂಮಿಯೇ ಎಳೆಯುವುದು. ಆದರೆ ಹಣ್ಣನ್ನು ಗಾಳಿ ತಡೆಯುತ್ತದೆ, ಸೆಕೆ ಕಾಡುತ್ತದೆ. ತಣ್ಣಗಾದ ಪರಮಾಣುವಿಗೆ ಭೂಮಿಯ ಮಾತಲ್ಲದೆ ಬೇರೆ ಯಾರ ಮಾತೂ ಕೇಳಿಸುವುದಿಲ್ಲ.

ಈ ಅಳತೆಯ ಕೆಲಸಕ್ಕೆ ಬಂದವಳು ನೀಲಾಂಬಿಕಾ.

ಗದಗಿನ ಕಡೆಯ ನೇಕಾರರ ಮನೆಯ ಮಗಳು. ಪಿಎಚ್.ಡಿ.ಗೆಂದು ಬಂದು, ಸಂಸ್ಥೆಯ ಹಿಂದಿನ ಗಲ್ಲಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದಳು. ಎಳೆ ಎಳೆ ಹೊಂದಿಸುವುದು ರಕ್ತದಲ್ಲೇ ಇತ್ತೆಂದು ತೋರುತ್ತದೆ. ಕನ್ನಡಿಯ ತಿರುಪನ್ನು ಅವಳು ತಿರುಗಿಸಿದರೆ ಕಿರಣ ಕೂದಲಷ್ಟೂ ಆಚೀಚೆಯಾಗುತ್ತಿರಲಿಲ್ಲ. ಬೆಳಿಗ್ಗೆ ಬಂದೊಡನೆ ನನ್ನ ಕಿಟಕಿಗೆ ಬಾಗಿ, "ಯವ್ವಾ, ಇವತ್ತರ ನೆಟ್ಟಗ ನಡೀಯವ್ವಾ," ಎನ್ನುವಳು. ಹುಟ್ಟಿಸಿದ ಚೌರಪ್ಪನವರಾಗಲೀ ಒಡೆಯರಾದ ಪ್ರೊಫೆಸರರಾಗಲೀ ನನ್ನನ್ನು ಕರೆದು ಮಾತಾಡಿಸಿದವರಲ್ಲ. ನಾನು ಅವಳಿಗೆ ಸೋತೆ.

ಬಂದ ವರ್ಷದೊಳಗೆ ಅವಳು ನನ್ನೊಳಗೆ ಚಂದ್ರನನ್ನು ಕಂಡಳು. ಚಂದ್ರ ನೆತ್ತಿಗೆ ಬಂದಾಗ ಪರಮಾಣುಗಳು ಒಂದಿಷ್ಟು ಹಗುರವಾಗಿ ಬೀಳುತ್ತಿದ್ದವು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯನೂ ಕೈಜೋಡಿಸಿ ಏರಿಳಿತ ಹೆಚ್ಚುತ್ತಿತ್ತು. ಕಡಲಿನ ಉಬ್ಬರ ಇಳಿತಕ್ಕೆ ಕಾರಣವಾದ ಆ ಸೆಳೆತವೇ, ಕಡಲಿಲ್ಲದ ಊರಿನಲ್ಲಿ, ನನ್ನ ಒಂದು ಮೊಳದೊಳಗೆ ಕಾಣಿಸಿಕೊಂಡಿತ್ತು. ಆ ಏರಿಳಿತವನ್ನು ಅವಳು ಕಾಗದದ ಮೇಲೆ ಗೆರೆಯಾಗಿ ಬರೆದು ಗೋಡೆಗೆ ಅಂಟಿಸಿದ್ದನ್ನು ನೋಡಿ ಪದ್ಮರಾಜಯ್ಯನವರು, "ಪಂಚಾಂಗ ಬರೆಯೋಕೆ ಕೂತ್ಕೊಂಡ್ಯೇನಮ್ಮ?" ಎಂದರು. ಅದು ಅವರ ಮೆಚ್ಚುಗೆ.

ಸೂರ್ಯ ಚಂದ್ರರ ಪಾಲನ್ನು ಕಳೆದರೆ ಉಳಿಯುವ ಲೆಕ್ಕ ನೇರ ಗೆರೆಯಾಗಬೇಕಿತ್ತು. ಭೂಮಿಯ ಸೆಳೆತ ನಿನ್ನೆಗಿಂತ ಇಂದು ಬೇರೆಯಾಗಲು ಕಾರಣವೇನು? ಆದರೆ ಗೆರೆ ನೇರವಾಗಲಿಲ್ಲ. ಕೆಲವು ದಿನ ಅದು ಮೇಲಕ್ಕೆ ನೆಗೆಯುತ್ತಿತ್ತು. ಆಮೇಲೆ ಇಳಿಜಾರಿನಲ್ಲಿ ಜಾರುವಂತೆ ಮೆಲ್ಲಮೆಲ್ಲನೆ ಕೆಳಗಿಳಿದು, ಮತ್ತೆ ನೆಗೆಯುತ್ತಿತ್ತು. ನೆಗೆತವೇನೋ ಚಿಕ್ಕದು: ಎರಡು ಕೋಟಿಯಲ್ಲಿ ಒಂದು ಪಾಲು. ಆದರೆ ಅಷ್ಟನ್ನು ಅಳೆಯಲೆಂದೇ ಅಲ್ಲವೇ ಇಷ್ಟೆಲ್ಲ ಏರ್ಪಾಡು?

ಮೊದಲು ಲೇಸರಿನ ಮೇಲೆ ಅನುಮಾನ. ಅದನ್ನು ಬಿಚ್ಚಿ ಜೋಡಿಸಿದರು. ಬಳಿಕ ಕರೆಂಟಿನ ಮೇಲೆ. ಅದಕ್ಕೊಂದು ಹೊಸ ಸ್ಟೆಬಿಲೈಸರ್ ಬಂತು. ಅದೂ ಅಲ್ಲವೆಂದಾಗ ಅನುಮಾನ ಸಹಜವಾಗಿ ಮನುಷ್ಯರ ಮೇಲೆ ಬಂತು. ಒಂದು ಬೆಳಿಗ್ಗೆ ಪದ್ಮರಾಜಯ್ಯನವರು ಗೋಡೆಯ ಮೇಲಿನ ಗೆರೆಯನ್ನೂ, ಓಡೋಡಿ ಬರುತ್ತಿದ್ದ ನೀಲಾಂಬಿಕೆಯನ್ನೂ, ಗಡಿಯಾರವನ್ನೂ ಸಾಲಾಗಿ ನೋಡಿದರು.

"ನೀನು ತಡವಾಗಿ ಬಂದ ದಿನವೇ ಭೂಮಿಗೆ ತೂಕ ಜಾಸ್ತಿ ಆಗುತ್ತಲ್ಲಮ್ಮ! ನಿನ್ನ ನಿದ್ದೆ ಅಷ್ಟು ಭಾರವಾ?"

ಕೋಣೆಯಲ್ಲಿದ್ದವರು ನಕ್ಕರು. ಅವಳ ಕಿವಿ ಕೆಂಪಾಯಿತು. ತಮಾಷೆಗೆಂದು ಆಡಿದ ಮಾತು, ಗೆರೆಯ ಮೇಲೆ ದಿನಗಳನ್ನು ಇಟ್ಟು ನೋಡಿದಾಗ, ನಿಜವೇ ಆಗಿತ್ತು. ಒಂದೂ ತಪ್ಪದಂತೆ, ಅವಳು ತಡವಾಗಿ ಬಂದ ದಿನವೇ ಲೆಕ್ಕ ನೆಗೆದಿತ್ತು. ತಡವಾದ ದಿನ ಅವಸರದಲ್ಲಿ ಅವಳು ಏನೋ ಎಡವುತ್ತಾಳೆ, ಯಂತ್ರ ಹದಕ್ಕೆ ಬರುವ ಮೊದಲೇ ಅಳೆಯುತ್ತಾಳೆ ಎಂದು ಪ್ರೊಫೆಸರರು ತೀರ್ಮಾನಿಸಿದರು. ಬರಬರುತ್ತ ಅವಳೂ ಅದನ್ನೇ ನಂಬತೊಡಗಿದಳು. ನನ್ನ ಕಿಟಕಿಗೆ ಬಾಗಿದಾಗ ಈಗ ಅವಳು ಮಾತಾಡುತ್ತಿರಲಿಲ್ಲ.

ತಿಂಗಳ ಕೊನೆಗೆ ಪರೀಕ್ಷಕರು ಬರುವವರಿದ್ದರು. ಅವಳ ನಾಲ್ಕು ವರ್ಷದ ದುಡಿಮೆಗೆ ಬೆಲೆ ಕಟ್ಟುವವರು ಅವರೇ. ಇಲ್ಲಿ ತಕ್ಕ ಫಲ ಕಾಣದಿದ್ದರೆ ಈ ತಣ್ಣನೆಯ ಕೋಣೆಯನ್ನು ಬೇರೆ ವಿಭಾಗಕ್ಕೆ ಕೊಡುವ ಮಾತೂ ಇತ್ತು. ಪದ್ಮರಾಜಯ್ಯನವರು ಕುರ್ಚಿ ಎಳೆದುಕೊಂಡು, ಎಂದಿಲ್ಲದ ಮೆಲುದನಿಯಲ್ಲಿ ಹೇಳಿದರು:

"ನೋಡು, ಆ ಕೆಟ್ಟ ದಿನಗಳನ್ನ ಬಿಟ್ಟುಬಿಡು. ಒಳ್ಳೇ ದಿನಗಳಷ್ಟನ್ನೇ ತಗೊಂಡು ಬರೆದು ಮುಗಿಸು. ಯಂತ್ರ ಸರಿಯಿಲ್ಲದ ದಿನದ ಅಂಕಿ ಬಿಡೋದು ತಪ್ಪಲ್ಲ. ಎಲ್ಲರೂ ಮಾಡ್ತಾರೆ."

ಎದುರಿಗಿದ್ದವರು ಗುರು, ಊರಿನಿಂದ ಬಂದಾಗ ಕೈಹಿಡಿದು ಕಲಿಸಿದವರು.

"ಸರ, ಕೆಟ್ಟದ್ದು ಯಾಕ ಕೆಟ್ಟದ್ದು ಅಂತ ತಿಳಿಯೂಕಿಂತ ಮೊದಲ ಬಿಟ್ರ, ಛಲೋದನ್ನ ಬಿಟ್ಟಂಗೂ ಆಗಬಹುದಲ್ರಿ?"

"ಯಾಕೆ ಅಂತ ತಿಳೀತಲ್ಲ. ನೀನು ತಡವಾಗಿ ಬರ್ತೀಯ."

"ಹಂಗಾರ ತಡಾ ಮಾಡ್ದ ಬಂದು ನೋಡ್ತೀನ್ರಿ. ಅದೊಂದು ದಿನ ಕೊಡ್ರಿ."

"ಕೊಟ್ಟೆ. ಆಮೇಲೆ ಮಾತಿಲ್ಲ."

ಮರುದಿನ ಅವಳು ಎಂದಿನ ಹೊತ್ತಿಗೇ ಬಂದಳು. ಗೆರೆ ಇಳಿಜಾರಿನಲ್ಲೇ ಇತ್ತು. ಅದರ ಮರುದಿನ, ಹಿಂದಿನ ರೂಢಿಯಂತೆ, ತಡವಾಗಬೇಕಾದ ದಿನ. ಅಂದು ಕಾವಲುಗಾರ ಬಾಗಿಲ ಬೀಗ ತೆಗೆಯುವಾಗಲೇ ಅವಳು ಮೆಟ್ಟಿಲಲ್ಲಿ ನಿಂತಿದ್ದಳು. ತಲೆ ಬಾಚಿಕೊಂಡಿರಲಿಲ್ಲ. ನನ್ನ ಹತ್ತಿರ ಬಂದು, ಬಹಳ ದಿನಗಳ ಮೇಲೆ, "ಯವ್ವಾ, ನನ್ನ ಮಾನ ನಿನ್ನ ಕೈಯಾಗೈತಿ," ಎಂದಳು. ಯಂತ್ರಗಳೆಲ್ಲ ಹದಕ್ಕೆ ಬರುವವರೆಗೆ ಕಾದಳು. ಒಂದು ತಿರುಪನ್ನೂ ಅವಸರದಲ್ಲಿ ಮುಟ್ಟಲಿಲ್ಲ. ಪರಮಾಣುಗಳನ್ನು ಹಿಡಿದಳು, ಬಿಟ್ಟಳು; ಹಿಡಿದಳು, ಬಿಟ್ಟಳು. ಲೆಕ್ಕ ನಿನ್ನೆಯ ಜಾಗದಲ್ಲೇ ಇತ್ತು. ಅವಳ ಮುಖ ಅರಳಿತು.

ಆದರೆ ಸ್ವಲ್ಪ ಹೊತ್ತಿನ ಬಳಿಕ ನನ್ನೊಳಗೆ ಬೀಳುವ ಪರಮಾಣುಗಳು ಎಳ್ಳಿನ ಮೊನೆಯಷ್ಟು ಹೆಚ್ಚು ಬಲವಾಗಿ ಬೀಳತೊಡಗಿದವು. ಪರದೆಯ ಮೇಲೆ ಒಂದು ಚುಕ್ಕೆ ಮೇಲೆ ಬಿತ್ತು. ಮುಂದಿನದು ಅದಕ್ಕಿಂತ ಮೇಲೆ. ಇಷ್ಟು ದಿನ ಅವಳು ಬರುವ ಹೊತ್ತಿಗೆ ಏರಿ ಕುಳಿತಿರುತ್ತಿದ್ದ ಲೆಕ್ಕ, ಇಂದು ಅವಳ ಕಣ್ಣೆದುರಿಗೇ ಮೆಟ್ಟಿಲು ಹತ್ತುತ್ತಿತ್ತು. ಅವಳು ಕುರ್ಚಿಯಲ್ಲಿ ಕುಸಿದಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ತನಗೆ ತಾನೇ ಹೇಳಿಕೊಳ್ಳುವಂತೆ, ಒಂದೊಂದೇ ಮಾತು ಎತ್ತಿಟ್ಟಳು:

"ಇವತ್ತ ನಾ ತಡಾ ಮಾಡಿಲ್ಲ. ಆದ್ರೂ ಏರಾಕತ್ತೈತಿ. ಅಂದ್ರ ನನ್ನ ತಡಾ ಇದಕ್ಕ ಕಾರಣ ಅಲ್ಲ. ಹಂಗಾರ... ನನ್ನ ತಡಕ್ಕ ಏನು ಕಾರಣ ಐತಿ, ಅದ ಇದಕ್ಕೂ ಕಾರಣ."

ಮಾತು ಮುಗಿಯುವ ಮೊದಲೇ ಅವಳು ಎದ್ದುನಿಂತಳು. ಮತ್ತೆ ಕೂತಳು, ಕೂತದ್ದು ಕುರ್ಚಿಯ ಮೇಲಲ್ಲ, ನೆಲದ ಮೇಲೆ. ಹಾಗೆಯೇ ಮಗ್ಗುಲಾಗಿ ಆ ತಣ್ಣನೆಯ ನೆಲಕ್ಕೆ ಕಿವಿ ಹಚ್ಚಿದಳು. ಅದೇ ಹೊತ್ತಿಗೆ ಪದ್ಮರಾಜಯ್ಯನವರು ಒಳಗೆ ಬಂದರು.

"ಏನಮ್ಮ ಇದು? ಭೂಮಿಯ ಎದೆಬಡಿತ ಕೇಳ್ತಿದ್ದೀಯಾ?"

"ನೀರ್ರಿ ಸರ!" ಎಂದಳು, ಕಿವಿ ತೆಗೆಯದೆ. "ನೀರು ಬಂದೈತ್ರಿ!"

ಆಗ ಹೊರಬಿದ್ದ ಕಥೆ ಇಷ್ಟು. ಆ ಬೀದಿಗೆ ನಲ್ಲಿಯ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬೆಳಿಗ್ಗೆ ಬಂದು, ಬಿಸಿಲೇರುವ ಮೊದಲು ನಿಂತುಹೋಗುತ್ತಿತ್ತು. ನೀಲಾಂಬಿಕೆಯ ಕೋಣೆಗೆ ಬೇರೆ ನಲ್ಲಿಯಿರಲಿಲ್ಲ. ಮನೆಯೊಡತಿ "ನೀರು ಬಂತು!" ಎಂದು ಕೂಗಿದೊಡನೆ ಕೊಡಪಾನ ಹಿಡಿದು ಸರದಿಯಲ್ಲಿ ನಿಲ್ಲಬೇಕು, ತುಂಬಿಸಿ, ಮಹಡಿ ಹತ್ತಿಸಿ, ಮುಗಿಸಿ ಬರುವಾಗ ತಡ. ನೀರಿಗಾಗಿ ಕಾಯುವುದು ಅವಳಿಗೆ ಊರಿನಿಂದ ಬಂದ ಅಭ್ಯಾಸ. ಅದರ ಬಗ್ಗೆ ಹೇಳಿಕೊಳ್ಳುವುದು ಅಭ್ಯಾಸವಿರಲಿಲ್ಲ. ಅದೇ ಹೊತ್ತಿಗೆ, ಅದೇ ಬೀದಿಯ ಕೊಳವೆಯಿಂದ, ಸಂಸ್ಥೆಯ ಸಂಪಿಗೂ, ಎಂದರೆ ನೆಲದಡಿಯ ತೊಟ್ಟಿಗೂ, ನೀರು ಬೀಳುತ್ತಿತ್ತು. ಸಂಪಿನ ಮುಚ್ಚಳ ಇದ್ದದ್ದು ಹಿತ್ತಲಲ್ಲಿ. ಹೊಟ್ಟೆ ಇದ್ದದ್ದು ನಮ್ಮ ಕೋಣೆಯ ಕೆಳಗೆ. ನೆಲ ಅಷ್ಟು ತಣ್ಣಗಿದ್ದದ್ದಕ್ಕೂ ಅದೇ ಕಾರಣ. ನೀರು ತುಂಬಿದಾಗ ನನ್ನ ಪಾದದಡಿಯ ಭಾರ ಹೆಚ್ಚಿ, ಆ ಭಾರದ ಸೆಳೆತವೂ ಭೂಮಿಯ ಸೆಳೆತಕ್ಕೆ ಸೇರಿ, ಪರಮಾಣುಗಳು ಒಂದಿಷ್ಟು ಬಲವಾಗಿ ಬೀಳುತ್ತಿದ್ದವು. ಎರಡು ದಿನ ಬಳಸುತ್ತ ಬಂದಂತೆ ನೀರು ಇಳಿದು, ಗೆರೆಯೂ ಇಳಿಯುತ್ತಿತ್ತು.

ಪದ್ಮರಾಜಯ್ಯನವರ ಮುಖದ ಬಣ್ಣ ಬದಲಾಯಿತು. ಸಂಪಿನ ಸಂಗತಿ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆ ನೆಲವನ್ನು ಆರಿಸಿದವರೇ ಅವರು. ಚಂದ್ರನನ್ನು ಲೆಕ್ಕಕ್ಕೆ ಹಿಡಿದವರು ಕಾಲಕೆಳಗಿನ ನೀರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದರೆ ಅವರು ಸುಲಭವಾಗಿ ಸೋಲುವ ಆಳಲ್ಲ.

"ಹೇಳೋದು ಚೆನ್ನಾಗಿದೆ. ತೋರಿಸು," ಎಂದರು.

"ಹೆಂಗ್ರಿ?"

"ಸಂಪು ಬರಿದು ಮಾಡಿಸ್ತೀನಿ. ನೀನು ಹೇಳೋದು ನಿಜ ಆದ್ರೆ ಅಂಕಿ ಕೆಳಗಿಳೀಬೇಕು. ಎಷ್ಟು ಇಳೀಬೇಕು ಅಂತ ಮೊದಲೇ ಹೇಳು. ಆಮೇಲೆ ಹೇಳಿದ್ರೆ ಅದು ಜ್ಯೋತಿಷ್ಯ."

ನೀಲಾಂಬಿಕಾ ಹಿತ್ತಲಿಗೆ ಹೋಗಿ ಸಂಪಿನ ಉದ್ದಗಲ ಆಳಗಳನ್ನು ಹಗ್ಗ ಹಿಡಿದು ಅಳೆದು ಬಂದಳು. ಕರಿಹಲಗೆಯ ಮೇಲೆ ಒಂದು ಕಡೆ ಅವಳು, ಇನ್ನೊಂದು ಕಡೆ ಅವರು, ಬೆನ್ನಿಗೆ ಬೆನ್ನು ಮಾಡಿ ಲೆಕ್ಕ ಹಾಕಿದರು. ತಿರುಗಿ ನೋಡಿದಾಗ ಎರಡು ಉತ್ತರಗಳೂ ಹೆಚ್ಚುಕಡಮೆ ಒಂದೇ. ಅವರು ಆ ಅಂಕಿಯ ಸುತ್ತ ಸುಣ್ಣದ ಕಡ್ಡಿಯಿಂದ ಒಂದು ಚೌಕ ಎಳೆದರು.

ಪಂಪು ಓಡುವಾಗ ನೆಲ ಅದುರಿ ಅಳತೆ ಕೆಡುತ್ತದೆ. ಆದ್ದರಿಂದ ಸ್ವಲ್ಪ ನೀರೆತ್ತುವುದು, ಪಂಪು ನಿಲ್ಲಿಸುವುದು, ಅದುರು ಅಡಗಲು ಕಾಯುವುದು, ಅಳೆಯುವುದು, ಮತ್ತೆ ನೀರೆತ್ತುವುದು. ಹಾಸ್ಟೆಲಿನ ಟ್ಯಾಂಕು ತುಂಬಿತು, ತೋಟದ ತೊಟ್ಟಿಗಳು ತುಂಬಿದವು, ಉಳಿದದ್ದು ಹುಲ್ಲಿನ ಪಾಲಾಯಿತು. ಕ್ಯಾಂಟೀನಿನ ಯಜಮಾನರು ಬಾಗಿಲಿಗೆ ಬಂದು ನಿಂತರು. "ಸಾರ್, ವಿಜ್ಞಾನ ಮಾಡಿ, ಬೇಡ ಅನ್ನಲ್ಲ. ನಾಡಿದ್ದು ನೀರು ಬರೋವರೆಗೆ ಕಾಫಿ ಮಾತ್ರ ಕೇಳ್ಬೇಡಿ."

ನನ್ನ ಬಾಳಿನಲ್ಲಿ ಆ ದಿನದಷ್ಟು ಎಚ್ಚರದಿಂದ ನಾನು ಎಂದೂ ನಿಂತಿರಲಿಲ್ಲ. ಪ್ರತಿ ಬಾರಿ ಹಿಡಿತ ಬಿಟ್ಟು ಪರಮಾಣುಗಳು ಬಿದ್ದಾಗಲೂ ಇಡೀ ಕೋಣೆ ಉಸಿರು ಹಿಡಿಯುತ್ತಿತ್ತು. ಚುಕ್ಕೆಗಳು ಒಂದೊಂದಾಗಿ ಇಳಿದವು. ಮೊದಲಿಗೆ ಕಂಡೂ ಕಾಣದಷ್ಟು. ಆಮೇಲೆ ಯಾರೂ ಅಲ್ಲವೆನ್ನಲಾರದಷ್ಟು. ಸಂಪಿನ ತಳ ಕಂಡಿತೆಂದು ಹಿತ್ತಲಿನಿಂದ ಕೂಗು ಬಂದಾಗ, ಪರದೆಯ ಮೇಲಿನ ಕಡೆಯ ಚುಕ್ಕೆ ಚೌಕದೊಳಗಿನ ಅಂಕಿಯ ಪಕ್ಕಕ್ಕೆ ಬಂದು ಕೂತಿತ್ತು.

ಪದ್ಮರಾಜಯ್ಯನವರು ಬಹಳ ಹೊತ್ತು ಅದನ್ನೇ ನೋಡಿದರು. ಕಡೆಗೆ, "ತುಂಬಿದ ಕೊಡ ತುಳುಕೋದಿಲ್ಲ ಅಂತಾರೆ. ಎಳೆಯುತ್ತೆ ಅಂತ ಯಾರೂ ಹೇಳಿರಲಿಲ್ಲ," ಎಂದರು. ಆಮೇಲೆ ದನಿ ತಗ್ಗಿಸಿ, "ನೀರಿಗೋಸ್ಕರ ತಡ ಆಗುತ್ತೆ ಅಂತ ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

"ನೀವು ಯಾಕ ತಡಾ ಅಂತ ಕೇಳ್ಲಿಲ್ರಿ ಸರ. ನಿದ್ದಿ ಅಂತ ಅಂದ್ರಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವರಿಗೆ ಹಗುರವಾಗುತ್ತಿತ್ತು. ಅವರು ಕೈಯ ಸುಣ್ಣ ಕೊಡವಿಕೊಂಡರು.

"ಇವತ್ತು ಮನೇಲಿ ನೀರು ಹಿಡಿದಿದ್ದೀಯಾ?"

"ಇಲ್ರಿ."

"ಹಾಸ್ಟೆಲ್ ಟ್ಯಾಂಕಿನಿಂದ ತಗೊಂಡು ಹೋಗು. ಅಲ್ಲಿ ಇವತ್ತು ಬೇಕಾದಷ್ಟಿದೆ. ಇನ್ನು ಮೇಲೆ ನೀರು ಬರೋ ದಿನ ನೀನು ತಡವಾಗೇ ಬಾ. ಅಷ್ಟರವರೆಗೆ ಯಂತ್ರ ನಾನು ನೋಡ್ಕೋತೀನಿ."

ಪರೀಕ್ಷಕರು ಬಂದಾಗ ನೀಲಾಂಬಿಕಾ ಒಂದು ದಿನವನ್ನೂ ಬಿಡದೆ ಎಲ್ಲ ಗೆರೆಗಳನ್ನೂ ಅವರ ಮುಂದೆ ಹರಡಿದಳು. ಅವರು ಹೆಚ್ಚು ಹೊತ್ತು ನಿಂತದ್ದು ನೇರ ಗೆರೆಯ ಮುಂದಲ್ಲ, ನೆಗೆದು ಇಳಿದು ನೆಗೆದ ಗರಗಸದ ಗೆರೆಯ ಮುಂದೆ. ಅಗೆಯದೆ, ಕೊರೆಯದೆ, ಮುಚ್ಚಿದ ನೆಲದಡಿಯ ನೀರನ್ನು ತೂಗುವ ಯಂತ್ರ ಎಂದರೆ ಅದರಿಂದ ಎಷ್ಟು ಕೆಲಸಗಳಾದಾವು ಎಂದು ಅವರಲ್ಲಿಯೇ ಮಾತು ಬೆಳೆಯಿತು. ಕೋಣೆ ಉಳಿಯಿತು. ಬಿಟ್ಟುಬಿಡು ಎಂದ ದಿನಗಳೇ ಅವಳಿಗೆ ಡಾಕ್ಟರ್ ಎಂಬ ಹೆಸರು ತಂದುಕೊಟ್ಟವು.

ಆಮೇಲೆ ಎಷ್ಟೋ ಕೈಗಳು ನನ್ನನ್ನು ನಡೆಸಿದವು. ಪದ್ಮರಾಜಯ್ಯನವರು ನಿವೃತ್ತರಾದರು, ಹೋಗುವ ದಿನವೂ ಅದೇ ಗೆರೆ ಮುರಿಯದ ಷರಟು. ನೀಲಾಂಬಿಕಾ ಎಲ್ಲೆಲ್ಲೋ ಕಲಿತು, ಕಲಿಸಿ, ಅದೇ ಸಂಸ್ಥೆಗೆ ಪ್ರೊಫೆಸರಾಗಿ ಬಂದಳು. ಇನ್ನು ಮೇಲೆ ಬಂದರು ಎನ್ನಬೇಕು. ವರ್ಷಗಟ್ಟಲೆ ರುಬಿಡಿಯಂ ಉಂಡು ನನ್ನ ಕಿಟಕಿಗಳಿಗೆ ಪೊರೆ ಬಂತು. ಪಾದದ ಬೆಸುಗೆಯಲ್ಲಿ ಎಲ್ಲಿಂದಲೋ ಗಾಳಿ ಜಿನುಗತೊಡಗಿತು. ನನ್ನ ಜಾಗಕ್ಕೆ ಟೈಟಾನಿಯಂ ಲೋಹದ, ಹೊಳೆಯುವ ಮೈಯ, ಗಟ್ಟಿ ಎದೆಯ ಹೊಸಬನೊಬ್ಬ ಬಂದ. ಅವನ ಮೇಲೆ ನನಗೆ ಮತ್ಸರವಿಲ್ಲ. ಕಿರಣ ಹಾಯುವಷ್ಟೇ ಕಿಂಡಿಗಳಿರುವ ಅವನೊಳಗನ್ನು ಯಾರೂ ಇಣುಕಿ ನೋಡಲಾರರೆಂಬುದೊಂದೇ ಅವನ ಬಗ್ಗೆ ನನಗಿರುವ ಕನಿಕರ.

ನನ್ನನ್ನು ಬಿಚ್ಚಿದ ದಿನ ಡಾ. ನೀಲಾಂಬಿಕಾ ಅವರೇ ಕವಾಟವನ್ನು ತಿರುಗಿಸಿದರು. ಸುಯ್ಯೆಂದು ಗಾಳಿ ಒಳನುಗ್ಗಿತು. ಹುಟ್ಟಿದಂದಿನಿಂದ ಬರಿದಾಗಿರಲೆಂದೇ ಬಾಳಿದ ನನ್ನೊಳಗೆ ಕೋಣೆಯ ಕಾಫಿಯ ವಾಸನೆ, ಮನುಷ್ಯರ ಬೆವರು, ಹೊರಗಿನ ಮಣ್ಣಿನ ಘಮ, ಎಲ್ಲವೂ ಒಮ್ಮೆಗೇ ತುಂಬಿಕೊಂಡವು. ಅದು ಸಾವೆಂದು ನಾನು ಬಹುಕಾಲ ಹೆದರಿದ್ದೆ. ಆದರೆ ತೆರೆದ ಕಿಟಕಿಯಿಂದ ಮನೆಗೆ ಗಾಳಿ ಬಂದಂತಷ್ಟೇ ಆಯಿತು. ಲೋಕವನ್ನು ಹೊರಗಿಟ್ಟದ್ದರಿಂದಲೇ ಲೋಕದ ತೂಕ ನನಗೆ ತಿಳಿದದ್ದು ನಿಜ. ಹಾಗೆಂದು ಯಾವಾಗಲೂ ಹೊರಗೇ ಇಟ್ಟಿರಬೇಕೆಂದು ಯಾವ ನಿಯಮವೂ ಇಲ್ಲ.

ಈಗ ನಾನು ಅವರ ಕೋಣೆಯ ಗಾಜಿನ ಬೀರುವಿನಲ್ಲಿದ್ದೇನೆ. ಬೆಳಗಿನ ಬಿಸಿಲು ಒಂದಿಷ್ಟು ಹೊತ್ತು ನನ್ನ ಮೇಲೆ ಬೀಳುತ್ತದೆ. ಈಚೆಗೆ ಒಂದು ಸಂಜೆ, ಅವರ ಶಿಷ್ಯೆ ದೇಚಮ್ಮ ಎಂಬ ಕೊಡಗಿನ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಹೊಸಬನ ಲೆಕ್ಕವನ್ನು ನಡೆಸುವವಳು ಅವಳೇ. ಮುಖ ಬಾಡಿತ್ತು.

"ಮೇಡಂ, ಕೆಲವು ಮಧ್ಯಾಹ್ನಗಳು ಸರಿ ಬರ್ತಾ ಇಲ್ಲ. ಕಾರಣ ಗೊತ್ತಾಗ್ತಿಲ್ಲ. ಅವನ್ನ ತೆಗೆದುಬಿಟ್ಟರೆ ಉಳಿದಿದ್ದು ಬಹಳ ಚಂದ ಇದೆ. ತೆಗೀಲಾ?"

ನೀಲಾಂಬಿಕಾ ಪರದೆಯ ಗೆರೆಯನ್ನೊಮ್ಮೆ ನೋಡಿದರು. ಎದ್ದು ಬೀರು ತೆರೆದು ನನ್ನನ್ನು ಎತ್ತಿ ಮೇಜಿನ ಮೇಲೆ ಇಟ್ಟರು. "ಕೂಡು," ಎಂದರು. "ನಾನು ತಡವಾಗಿ ಬರ್ತಿದ್ದ ಕಾಲದ್ದು ಒಂದು ಹೇಳ್ತೀನಿ." ಚೌರಪ್ಪನವರ ಉಸಿರಿನಿಂದ ಹಿಡಿದು ಕ್ಯಾಂಟೀನಿನ ಕಾಫಿಯವರೆಗೆ ಹೇಳಿದರು. ಗುರುಗಳನ್ನು ಎಲ್ಲಿಯೂ ಸಣ್ಣವರನ್ನಾಗಿ ಮಾಡಲಿಲ್ಲ. ತಮ್ಮನ್ನೂ ದೊಡ್ಡವರನ್ನಾಗಿ ಮಾಡಿಕೊಳ್ಳಲಿಲ್ಲ. ತಪ್ಪೇನಾದರೂ ಇದ್ದರೆ ತಿದ್ದಲೆಂದು ನಾನು ಕಾದಿದ್ದೆ. ತಿದ್ದುವಂಥದ್ದು ಏನೂ ಇರಲಿಲ್ಲ.

ಕಥೆ ಮುಗಿದರೂ ದೇಚಮ್ಮ ಏಳಲಿಲ್ಲ. ತೆರೆದಿದ್ದ ಲ್ಯಾಪ್‌ಟಾಪನ್ನು ಮೆಲ್ಲನೆ ಮಡಚಿ ಪಕ್ಕಕ್ಕೆ ಸರಿಸಿದಳು. ನನ್ನ ಪೊರೆ ಬಂದ ಕಿಟಕಿಗೆ ಬಾಗಿ ಒಳಗೆ ನೋಡಿದಳು.

"ಇನ್ನೊಂದ್ಸಲ ಹೇಳಿ ಮೇಡಂ," ಎಂದಳು. "ಪೂರ್ತಿ ಬೇಡ. ನೀವು ಬೇಗ ಬಂದು, ಆದರೂ ಅದು ಏರಿತಲ್ಲ, ಅಲ್ಲಿಂದ ಹೇಳಿ. ಈ ಸಲ ನಿಧಾನಕ್ಕೆ."